ಬಿಸಿಲಲ್ಲಿ ತಣ್ಣಗಿದ್ದ ಕಡಲು

ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಿಂದ ಮಲ್ಪೆಗೆ, ಮೀನಿನ ಬೋಟಿನ ಕೆಲಸಕ್ಕೆ, ಮೊದಲು ನಾನು ಹೋದೆ. ಮರುವರ್ಷ ಹೆಂಡತಿಯ ತಮ್ಮನನ್ನೂ ಕರೆದೊಯ್ದೆ. ಕೃಷ್ಣೆಯಲ್ಲಿ ಈಜಿ ಬೆಳೆದವರು ನಾವು. ಉಪ್ಪುನೀರೂ ನೀರೇ ಅಂದುಕೊಂಡಿದ್ದೆವು.

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದಿದ್ದವು. ಬಿಸಿಲು ಚುರುಗುಟ್ಟುತ್ತಿತ್ತು. ಬಕೆಟ್ಟಿನಲ್ಲಿ ನೀರೆತ್ತಿ ಮುಖಕ್ಕೆ ಹಾಕಿಕೊಂಡರೆ ಮೈ ಜುಮ್ಮೆನ್ನುವಷ್ಟು ತಣ್ಣಗಿತ್ತು. ನಮ್ಮ ಕಡೆ ಅಂಥ ಬಿಸಿಲಲ್ಲಿ ಹೊಳೆ ತಟ್ಟನೆ ತಣ್ಣಗಾದರೆ ದಂಡೆಗೆ ಓಡಬೇಕು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಎಂದರ್ಥ.

"ಹೊಳಿ ಬರಾಕತ್ತದ!" ಎಂದು ಕೂಗಿಬಿಟ್ಟೆ.

ಬೋಟು ನಡೆಸುವ ತಂಡೇಲ ಹೊಟ್ಟೆ ಹಿಡಿದು ನಕ್ಕ. "ಕಡಲಿಗೆ ಯಾರು ಡ್ಯಾಮ್ ಕಟ್ಟಿದ್ದು ಮಾರಾಯಾ? ಗಾಳಿ ಮೇಲಿನ ಬಿಸಿನೀರನ್ನು ಹೊರಗೆ ದೂಡ್ತದೆ. ಆ ಜಾಗಕ್ಕೆ ಅಡಿಯ ತಂಪು ನೀರು ಬರ್ತದೆ. ಮೀನಿನ ಊಟ ಅದರಲ್ಲೇ ಉಂಟು. ತಂಪು ಸಿಕ್ಕಿತಾ, ಬಲೆ ಬಿಡು."

ಬಿಟ್ಟೆವು. ಸ್ವಲ್ಪ ಹೊತ್ತಿಗೆ ಬಲೆಯ ಹಗ್ಗ ಬೋಟಿನ ಅಡಿಯ ಫ್ಯಾನಿಗೆ ಸುತ್ತಿಕೊಂಡು ಬೋಟು ನಿಂತಿತು. ಮುಳುಗಿ ಕೊಯ್ಯುವ ಸರದಿ ನನ್ನದು. ಅಂಚಿಗೆ ಬಾಗಿ ಕೈ ಅದ್ದಿದೆ. ನೀರು ಹಸಿರುಗಟ್ಟಿತ್ತು, ಇನ್ನೂ ತಣ್ಣಗಾಗಿತ್ತು. ತಂಡೇಲ ಹೇಳಿದ್ದು ತಲೆಗೆ ಹೋಗಿತ್ತು, ಎದೆಯ ಹೆದರಿಕೆ ಹೋಗಿರಲಿಲ್ಲ.

"ಹ್ಯಾಂಗದ ಮಾಮಾ?" ಎಂದ ಹೆಂಡತಿಯ ತಮ್ಮ.

"ಬೆಚ್ಚಗದಲೇ. ನೀ ಇಳಿ, ನನಗ ಸೊಂಟ ಹಿಡದದ."

"ನಮ್ಮಕ್ಕ ಉಣಿಸಿ ಉಣಿಸಿ ನಿಮ್ಮನ್ನ ಮೆತ್ತಗ ಮಾಡ್ಯಾಳ ಬಿಡ್ರಿ!" ಎಂದು ನಗುತ್ತ ಚಾಕು ಹಿಡಿದು ಹಾರಿದ.

ಒಮ್ಮೆ ಮೇಲೆ ಬಂದ. ಬಾಯಿ ತೆರೆದಿತ್ತು, ಮಾತು ಹೊರಡಲಿಲ್ಲ. ಕಾಲು ಸೆಟೆದಿರಬೇಕು. ನನ್ನನ್ನೇ ನೋಡಿದ. ಹಗ್ಗ ಎಸೆಯುವಷ್ಟರಲ್ಲಿ ಇರಲಿಲ್ಲ.

ದೇಹ ಊರಿಗೆ ತಂದಾಗ ಹೆಂಡತಿ ಕೇಳಿದ್ದು ಇಷ್ಟೇ: "ನೀರು ಭಾಳ ತಣ್ಣಗಿತ್ತೇನ್ರಿ?"

"ಇಲ್ಲ, ಬೆಚ್ಚಗಿತ್ತು" ಎಂದೆ. ಆ ಸಮಾಧಾನದಲ್ಲೇ ಅವಳು ಮುದುಕಿಯಾದಳು.

ಈಗ ರಾಯಚೂರಿನಲ್ಲಿದ್ದೇವೆ. ಬೇಸಿಗೆಯಲ್ಲಿ ಗೋಡೆಯೂ ಸುಡುವ ಊರು. ಆದರೂ ಕಣ್ಣು ಮುಚ್ಚಿದರೆ ನನ್ನ ಬಲಗೈ ಮೊಣಕೈವರೆಗೆ ತಣ್ಣಗಾಗುತ್ತದೆ. ಆ ತೆರೆದ ಬಾಯಿ ಏನೋ ಹೇಳಲು ಎದುರಿಗೆ ಬರುತ್ತದೆ, ಹೇಳುವುದಿಲ್ಲ.

ಹೋದ ತಿಂಗಳು ಅವಳಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಕೈ ಹಾಕಿ ನೋಡಿ, ತಿಳದು ತಿಳದು ಹೇಳಿದ್ರಿ?"

"ಹೂಂ."

ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆಯೆದ್ದಿತು; ಇಬ್ಬರೂ ತೆಗೆಯಲಿಲ್ಲ.

ಈಗಲೂ ಹೊತ್ತಿಗೆ ಸರಿಯಾಗಿ ತಾಟು ಇಡುತ್ತಾಳೆ. ಮೊದಲಿನಂತೆ "ಉಣ್ಣಬರ್ರಿ" ಅನ್ನುವುದಿಲ್ಲ. ತಾಟಿನ ಸದ್ದು ಕೇಳಿ ನಾನೇ ಎದ್ದು ಹೋಗುತ್ತೇನೆ.