ಹಡಗು ಯಾರನ್ನೂ ಕಾಯುವುದಿಲ್ಲ

ಗುಡ್ರುನ್ ಮೂವತ್ತೊಂದು ವರ್ಷ ಹಡಗಿನಲ್ಲೇ ಬದುಕಿದರೂ ನಮ್ಮ ನಾರ್ವೆಯ ಕರಾವಳಿಯನ್ನು ಅವಳು ನೋಡಿದ್ದು ತಟ್ಟೆಯಗಲದ ಒಂದು ದುಂಡು ಕಿಟಕಿಯಿಂದ. ಅದಿದ್ದದ್ದು ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ. ಬೆರ್ಗೆನ್‌ನಿಂದ ಹೊರಟು ಕಿರ್ಕೆನೆಸ್ ಮುಟ್ಟಿ ತಿರುಗಿ ಬರಲು ಹನ್ನೆರಡು ದಿನ. ಹಡಗಿಗೆ ಅವಸರವಿಲ್ಲ, ಪ್ರಯಾಣಿಕರಿಗೆ ಮೊದಲೇ ಇಲ್ಲ. ಅವರು ಮೇಲೆ ಕಂಬಳಿ ಹೊದ್ದು, ಬೆಟ್ಟಗಳನ್ನು ಬಾಯಿ ಬಿಟ್ಟುಕೊಂಡು ನೋಡುತ್ತ ಕೂತಿರುವಾಗ ಇವಳು ಕೆಳಗೆ ಮೀನಿನ ಸಾರಿನ ಹಂಡೆ ತಿಕ್ಕುತ್ತಿದ್ದಳು. ಹಾಗಂತ ಹೊಟ್ಟೆಕಿಚ್ಚೇನೂ ಇರಲಿಲ್ಲ. "ಬೆಟ್ಟ ಎಲ್ಲೂ ಓಡಿಹೋಗಲ್ಲ, ಹಂಡೆ ತಳ ಹಿಡಿಯುತ್ತೆ" ಎನ್ನುತ್ತಿದ್ದಳು.

ಅವಳ ಇನ್ನೊಂದು ಮಾತು ಹಡಗಿನ ತುಂಬ ಹೆಸರಾಗಿತ್ತು. ಪ್ರತಿ ಬಂದರಿನಲ್ಲೂ ಒಬ್ಬರಲ್ಲ ಒಬ್ಬರು ಇಳಿದು, ಉಣ್ಣೆ ಟೋಪಿ ಕೊಳ್ಳುತ್ತ ಮೈಮರೆಯುತ್ತಿದ್ದರು. ಏದುಸಿರು ಬಿಡುತ್ತ ಓಡಿ ಬರುವಷ್ಟರಲ್ಲಿ ದಡಕ್ಕೆ ಹಾಕಿದ್ದ ಹಲಗೆಯನ್ನು ಎಳೆದಾಗಿರುತ್ತಿತ್ತು. ಗುಡ್ರುನ್ ಕಿಟಕಿಯಿಂದ ಅವರ ಪೇಚಾಟ ನೋಡಿ, "ಹಡಗು ಯಾರನ್ನೂ ಕಾಯಲ್ಲ ಕಣ್ರೀ" ಎಂದು ಸೌಟು ಬೀಸುತ್ತಿದ್ದಳು. ಒಂದಿಷ್ಟೂ ಮರುಕವಿರಲಿಲ್ಲ ಅವಳಿಗೆ. ಇದ್ದಿದ್ದರೆ ಒಳ್ಳೆಯದಿತ್ತು, ಏಕೆಂದರೆ ಅದೇ ಮಾತು ಒಂದು ದಿನ ತಿರುಗಿ ಬಂದು ಅವಳ ಎದೆಗೇ ನಾಟಿತು.

ಅವಳ ತಾಯಿ ತೀರಿಕೊಂಡಾಗ ಹಡಗು ಉತ್ತರದ ತುದಿಯಲ್ಲಿ ಬಿರುಗಾಳಿಗೆ ಸಿಕ್ಕಿ ಎರಡು ದಿನ ನಿಂತಿತ್ತು. ಮಣ್ಣು ಗುರುವಾರ ಆಯಿತು. ಗುಡ್ರುನ್ ಊರು ಸೇರಿದ್ದು ಶುಕ್ರವಾರ. ಅಣ್ಣ ಹಾಲ್ವೋರ್‌ನ ಬಾಗಿಲಲ್ಲಿ ಪೆಟ್ಟಿಗೆಯನ್ನೂ ಕೆಳಗಿಡದೆ ಕೇಳಿದಳು: "ಒಂದು ದಿನ ಕಾಯೋಕಾಗ್ಲಿಲ್ವಾ?"

ಅವನು ಅತ್ತು ಅತ್ತು ಕಣ್ಣು ಕೆಂಪಾದವನು. ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದನ್ನು ಆಡಿಬಿಟ್ಟ: "ಹಡಗು ಯಾರನ್ನೂ ಕಾಯಲ್ಲ ಅಂತ ಊರಿಗೆಲ್ಲ ಹೇಳೋಳು ನೀನೇ ಅಲ್ವಾ?"

ಮಾತು ಆಡಿದರೆ ಹೋಯಿತು. ಅಂದಿನಿಂದ ಒಂಬತ್ತು ವರ್ಷ ಅಣ್ಣ ತಂಗಿ ಮುಖ ಕೊಟ್ಟು ಮಾತಾಡಲಿಲ್ಲ. ಅವಳು ಕೆಲಸ ಬಿಟ್ಟು ಸ್ಟೈನ್‌ವಿಕ್‌ನ ಹಳದಿ ಮನೆಯಲ್ಲಿ ನೆಲೆಸಿದಳು. ಅವನು ನೀರಿನಾಚೆಯ ಪುಟ್ಟ ದ್ವೀಪದಲ್ಲಿ ಹದಿನಾಲ್ಕು ಕುರಿ ಸಾಕಿಕೊಂಡಿದ್ದ. ನಡುವೆ ಇದ್ದದ್ದು ದೋಣಿಯಲ್ಲಿ ಹತ್ತು ನಿಮಿಷದ ದಾರಿ. ಬೆಳಿಗ್ಗೆ ಎದ್ದ ಕೂಡಲೇ ಅವನ ಹೊಗೆಗೂಡಿನಲ್ಲಿ ಹೊಗೆ ಇದೆಯೇ ಎಂದು ಅವಳು ನೋಡುತ್ತಿದ್ದಳು. ಆಮೇಲೆಯೇ ಕಾಫಿ. ಅವಳಿಗೆ ಅಣ್ಣನಿಂದ ಬೇಕಾಗಿದ್ದದ್ದು 'ಕಾಯಬೇಕಿತ್ತು' ಎಂಬ ಒಂದೇ ಮಾತು. ಅದು ಬರದೆ ತಾನಾಗಿ ಹೋಗಲಾರೆ ಎಂದು ಹಟ ಹಿಡಿದು ಕೂತಿದ್ದಳು.

ಎಪ್ಪತ್ತು ತುಂಬುವ ಹೊತ್ತಿಗೆ ಹಳೆಯ ಜೊತೆಗಾರರೆಲ್ಲ ಸೇರಿ ಅವಳಿಗೆ ಹನ್ನೆರಡು ದಿನದ ಯಾನದ ಟಿಕೆಟ್ ಕಳಿಸಿದರು. ಇಬ್ಬರ ಕೋಣೆ, ದೊಡ್ಡ ಕಿಟಕಿ. ಪಕ್ಕದ ಮನೆಯ ಪೆಟ್ರಾಳನ್ನು ಕರೆದರೆ, "ನಂಗೆ ಸ್ನಾನದ ತೊಟ್ಟೀಲಿ ಕೂತ್ರೂ ತಲೆ ತಿರುಗುತ್ತೆ, ಬೇಡಮ್ಮ" ಎಂದಳು. ಇನ್ನೊಂದು ಹಾಸಿಗೆಗೆ ಗುಡ್ರುನ್ ಮನಸ್ಸಿನಲ್ಲಿ ಒಂದೇ ಹೆಸರಿತ್ತು. ಅದನ್ನು ಅವಳು ಪೆಟ್ರಾಳಿಗೂ ಹೇಳಲಿಲ್ಲ.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಎಲ್ಲರಂತೆ ಅಂಗಳದ ಕಂಬಕ್ಕೆ ಬಾವುಟ ಏರಿಸಲು ಹೋದಳು. ರಾಟೆಗೆ ತುಕ್ಕು ಹಿಡಿದಿತ್ತು. ಹಗ್ಗ ಅರ್ಧಕ್ಕೆ ಕಚ್ಚಿಕೊಂಡಿತು. ಬಾವುಟ ಮೇಲೂ ಹೋಗದು, ಕೆಳಗೂ ಬಾರದು. ಜಗ್ಗಿ ಜಗ್ಗಿ ಕೈ ಉರಿ ಬಂದಾಗ, "ಹಾಳಾಗಿ ಹೋಗ್ಲಿ" ಎಂದು ಒಳಗೆ ಹೋಗಿ ಕೇಕಿಗೆ ಕೆನೆ ಬಳಿಯತೊಡಗಿದಳು. ನಮ್ಮಲ್ಲಿ ಬಾವುಟ ತುದಿಯಲ್ಲಿದ್ದರೆ ಹಬ್ಬ, ಅರ್ಧದಲ್ಲಿದ್ದರೆ ಸಾವು. ಕೆನೆಯ ಗಡಿಬಿಡಿಯಲ್ಲಿ ಅವಳಿಗೆ ಅದು ಹೊಳೆಯಲೇ ಇಲ್ಲ.

ಮೊದಲು ಬಂದವಳು ಪೆಟ್ರಾ. ಕಣ್ಣೊರೆಸಿಕೊಳ್ಳುತ್ತ, ಬಿಳಿ ಹೂ ಹಿಡಿದು ಬಾಗಿಲು ತೆರೆದವಳು ಕಿರುಚಿಬಿಟ್ಟಳು.

"ನೀನು ಸತ್ತಿಲ್ವಾ?"

"ಇನ್ನೂ ಇಲ್ಲ. ಕಾಲೊರೆಸ್ಕೊಂಡು ಬಾ."

"ಮತ್ತೆ ಬಾವುಟ?"

"ಸತ್ತೋಳು ಬಾವುಟ ಏರಿಸ್ತಾಳೇನೇ?"

"ಯಾರೋ ಪುಣ್ಯಾತ್ಮರು ಏರಿಸಿದ್ರು ಅಂದ್ಕೊಂಡೆ. ನನಗಿಂತ ಮೊದ್ಲು ಯಾರಿಗಪ್ಪಾ ಗೊತ್ತಾಯ್ತು ಅಂತ ಸಿಟ್ಟೂ ಬಂತು!"

ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದಾಗ ಕೆಳಗೆ ದೋಣಿಯ ಮೋಟಾರಿನ ಸದ್ದು ಕೇಳಿಸಿತು. ಗುಡ್ರುನ್ ಕಿಟಕಿಯಿಂದ ಇಣುಕಿದಳು. ಹಾಲ್ವೋರ್! ಕಪ್ಪು ಸೂಟು ಹಾಕಿದ್ದ, ಅಂಗಿಯ ಗುಂಡಿ ತಪ್ಪಿತ್ತು, ಬರಿತಲೆ. ಎಪ್ಪತ್ತಮೂರರ ಮುದುಕ ದಿಬ್ಬವನ್ನು ಓಡುತ್ತಲೇ ಹತ್ತುತ್ತಿದ್ದ. ಬಾಗಿಲಲ್ಲಿ ತಂಗಿಯನ್ನು ಕಂಡವನೇ ಸೌದೆ ಸೀಳುವ ಕೊರಡಿನ ಮೇಲೆ ಕುಸಿದು ಕೂತ.

"ಬದುಕಿದ್ದೀಯಾ?"

"ರಾಟೆ ಕೆಟ್ಟಿದೆ."

"ರಾಟೆಯಂತೆ ರಾಟೆ! ಎಣ್ಣೆ ಬಿಡೋಕೇನಾಗಿತ್ತು ನಿಂಗೆ?" ಎಂದು ಗದರಿದ. ಬೈಯುತ್ತಲೇ ಅಂಗಿಯ ತಪ್ಪಿದ ಗುಂಡಿಯನ್ನು ಸರಿಮಾಡಿಕೊಂಡ. ಒಂಬತ್ತು ವರ್ಷ ಕಾಪಿಟ್ಟ ಸಿಟ್ಟನ್ನು ಗುಡ್ರುನ್ ಹುಡುಕಿಕೊಂಡಳು. ಅದು ಎಲ್ಲಿ ಹೋಯಿತೋ ಸಿಗಲಿಲ್ಲ.

ಅವನು ಕಂಬದ ಬುಡದ ಬೋಲ್ಟು ಬಿಚ್ಚಿ, ಕಂಬ ಮಲಗಿಸಿ, ರಾಟೆಗೆ ಎಣ್ಣೆ ಬಿಟ್ಟು ಮತ್ತೆ ನಿಲ್ಲಿಸಿದ. ಎರಡು ತುಂಡು ಕೇಕು ತಿಂದ. ತಾಯಿಯ ಸುದ್ದಿಯನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಮೂರನೆಯ ತುಂಡು ಬಡಿಸುತ್ತ ಗುಡ್ರುನ್ ತಟ್ಟೆಗೆ ಹೇಳುವಂತೆ, "ಹಡಗಿನ ಕೋಣೇಲಿ ಒಂದು ಹಾಸಿಗೆ ಖಾಲಿ ಇದೆ" ಎಂದಳು.

"ಕುರಿಗಳನ್ನ ಯಾರು ನೋಡ್ತಾರೆ?"

"ಪೆಟ್ರಾ."

"ನಾನಾ?" ಎಂದಳು ಪೆಟ್ರಾ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಯಾನ ಸುಖವಾಗಿತ್ತು. ಗುಡ್ರುನ್ ಮೊದಲ ಎರಡು ದಿನ ಊಟವಾದ ಕೂಡಲೇ ತಟ್ಟೆ ಒಟ್ಟಲು ಏಳುತ್ತಿದ್ದಳು. ಅಣ್ಣ ಕೈ ಹಿಡಿದು ಕೂರಿಸುತ್ತಿದ್ದ. ಮೂರನೆಯ ದಿನ ಅವಳೂ ಕಂಬಳಿ ಹೊದ್ದು, ಕಾಫಿ ಹಿಡಿದು, ಬೆಟ್ಟಗಳಿಗೆ ಬಾಯಿ ಬಿಟ್ಟಳು. "ಇಷ್ಟು ದೊಡ್ಡದಿದ್ವಾ ಇವು!" ಎಂದು ಬೆರಗಾದಳು. ಹಾಲ್ವೋರ್ ಪ್ರತಿ ಬಂದರಿನ ಹುಲ್ಲುಗಾವಲಿಗೂ ಒಂದೊಂದು ಹೆಸರಿಡುತ್ತಿದ್ದ. ಅವರ ನಗೆಗೆ ಸುತ್ತಲಿನ ಕಂಬಳಿಗಳು ತಿರುಗಿ ನೋಡುತ್ತಿದ್ದವು. ಆದರೂ ಆ ಒಂದು ಮಾತು ಬರಲಿಲ್ಲ. ಬರದಿದ್ದರೂ ಪರವಾಗಿಲ್ಲ ಎಂದು ಗುಡ್ರುನ್ ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ನಿಜವಾಗಿರಲಿಲ್ಲ.

ವಾರ್ಡೋ ಬಂದರಿನಲ್ಲಿ ಅವಳೊಬ್ಬಳೇ ಇಳಿದಳು. ಅಣ್ಣನಿಗೊಂದು ಜೊತೆ ಉಣ್ಣೆಯ ಕೈಗವಸು ಕೊಳ್ಳುವ ಆಸೆ. ಅಂಗಡಿಯಲ್ಲಿ ಬೂದು ಬಣ್ಣದ್ದೋ ನೀಲಿಯದೋ ಎಂದು ತೀರ್ಮಾನವಾಗದೆ, ಅಂಗಡಿಯವಳ ಮೊಮ್ಮಕ್ಕಳ ಕತೆಯೆಲ್ಲ ಕೇಳಿ ಮುಗಿಸುವಷ್ಟರಲ್ಲಿ ಹಡಗು ಕೂಗಿತು. ಮೂವತ್ತೊಂದು ವರ್ಷ ಬೇರೆಯವರನ್ನು ನೋಡಿ ಸೌಟು ಬೀಸಿದವಳು ಈಗ ಕೈಗವಸು ಎದೆಗವಚಿಕೊಂಡು ಬಂದರಿನ ಉದ್ದಕ್ಕೂ ಓಡಿದಳು.

ಹಗ್ಗಗಳನ್ನು ಆಗಲೇ ಬಿಚ್ಚುತ್ತಿದ್ದರು. ಹಲಗೆ ಮಾತ್ರ ಇನ್ನೂ ಇತ್ತು. ಅದರ ಮೇಲೆ ಒಂದು ಕಾಲು, ದಡದ ಕಲ್ಲಿನ ಮೇಲೆ ಒಂದು ಕಾಲು ಊರಿ ಹಾಲ್ವೋರ್ ನಿಂತಿದ್ದ. ಹಡಗಿನ ಅಧಿಕಾರಿ ಗಡಿಯಾರ ತೋರಿಸಿ ಗೋಗರೆಯುತ್ತಿದ್ದ.

"ಅಜ್ಜ, ಕಾಲು ತೆಗೀರಿ. ಆರು ನಿಮಿಷ ತಡ ಆಯ್ತು."

"ತೆಗೀತೀನಿ. ನನ್ನ ತಂಗಿ ಬರ್ಲಿ."

"ಹಡಗು ಯಾರನ್ನೂ ಕಾಯಲ್ಲ ಅಜ್ಜ!"

"ಗೊತ್ತಪ್ಪಾ. ಅದಕ್ಕೇ ನಾನು ಕಾಯ್ತಿರೋದು," ಎಂದ ಹಾಲ್ವೋರ್. ತಂಗಿ ಹತ್ತಿರ ಬಂದದ್ದನ್ನು ಅವನು ನೋಡಿರಲಿಲ್ಲ. "ಹಿಂದೆ ಒಂದ್ಸಲ ಕಾಯ್ಬೇಕಿತ್ತು. ಕಾಯ್ಲಿಲ್ಲ."

ಗುಡ್ರುನ್ ಏದುಸಿರು ಬಿಡುತ್ತ ನಿಂತಳು. ಅವನ ಕೈ ಹಿಡಿದು, ನೀಲಿ ಗವಸನ್ನು ಒಂದೊಂದೇ ಬೆರಳು ಸರಿಮಾಡಿ ತೊಡಿಸಿದಳು. ಹಡಗು ಅಷ್ಟು ಹೊತ್ತೂ ಕಾಯಿತು.