ಯಲ್ಲಾಪುರದ ಪೂಜೆಯ ಪಂಪು

ಶಿರಸಿಯಲ್ಲಿ ಬಸ್ಸಿಳಿದಾಗಲೇ ಸೊಂಟ ಹಿಡಿದುಕೊಂಡಿತ್ತು. ಕಾಲೇಜುಗಳು ನಡೆಸುವ ಮೂರು ತಿಂಗಳ ಉದ್ಯೋಗ ತರಬೇತಿಗಳನ್ನು ನೋಡಿ, ಏನು ಸುಧಾರಿಸಬೇಕೆಂದು ಹೇಳುವುದು ನನ್ನ ಕೆಲಸ. ವರ್ಷಗಳಿಂದ ಹೇಳುತ್ತಲೇ ಇದ್ದೇನೆ. ಕೇಳುವವರು ಚಹಾ ಕುಡಿಸಿ ಕಳಿಸುತ್ತಾರೆ. ಶಿರಸಿಯಲ್ಲೂ ಅಷ್ಟೇ ಆಯಿತು.

ಮಧ್ಯಾಹ್ನ ಸಿದ್ದಾಪುರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ತಿಂದ ಮಿಸಳ್ ಖಾರವಾಗಿತ್ತು, ಬಿಸಿಲು ಅದಕ್ಕಿಂತ ಖಾರ. ಹೊಲಿಗೆ ತರಗತಿಯಲ್ಲಿ ಅರ್ಧ ಜಾಗ ಖಾಲಿ. ಪಾಠ ಮುಗಿಯುವಷ್ಟರಲ್ಲಿ ಹಳ್ಳಿ ಬಸ್ಸು ಹೋಗಿಬಿಡುತ್ತದಂತೆ. ಹೊತ್ತು ಬದಲಿಸಬಾರದೇ ಎಂದು ಅಲ್ಲಿನ ಶಿಕ್ಷಕಿಯನ್ನು ಕೇಳಿದೆ.

"ಟೈಮ್‌ಟೇಬಲ್ ಮೇಲಿಂದ ಬರ್ತದೆ ಮಾರಾಯ್ರೆ, ನಾನು ಎಂತ ಮಾಡ್ಲಿ?" ಎಂದರು.

ಮರುದಿನ ಭೈರುಂಬೆ ದಾಟಿ ಯಲ್ಲಾಪುರಕ್ಕೆ ಬಂದೆ. ಶಿರಸಿಯಿಂದ ಐವತ್ತು ಕಿಲೋಮೀಟರಿನಷ್ಟು ದಾರಿ. ತಿರುವು ತಿರುವಿಗೂ ಮಿಸಳ್ ನೆನಪಾಯಿತು. ಪಂಪು ರಿಪೇರಿ ಕಲಿಸುವ ಮೇಷ್ಟ್ರು ಹಾವೇರಿ ಕಡೆಯವರು. "ಬರ್ರಿ ಸರ್, ಕೂಡ್ರಿ" ಎಂದು ಕುರ್ಚಿ ಎಳೆದರು. ಮೇಜಿನ ಮೇಲೆ ಹೊಸ ಪಂಪು. ಪ್ಲಾಸ್ಟಿಕ್ ಹೊದಿಕೆ ತೆಗೆದೇ ಇರಲಿಲ್ಲ. ಅದರ ಮೇಲೆಯೇ ಆಯುಧಪೂಜೆಯ ಕುಂಕುಮ, ಒಣಗಿದ ಚೆಂಡುಹೂವು.

ಬಾಗಿಲಲ್ಲಿ ಅರಬೈಲಿನ ಸಾವಿತ್ರಿ ನಿಂತಿದ್ದಳು. ಇಲ್ಲೇ ಪಾಸಾಗಿ, ಪೇಟೆಯ ಪಂಪಿನ ಅಂಗಡಿ ಸೇರಿದವಳು. ಮೊದಲ ಪಂಪನ್ನೇ ಬಿಚ್ಚಲಾಗಲಿಲ್ಲ. ಸೋಮವಾರದೊಳಗೆ ಕಲಿಯದಿದ್ದರೆ ಬರಬೇಡ ಎಂದಿದ್ದರು ಅಂಗಡಿಯವರು.

"ಇಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ತೋರ್ಸಿದ್ದಷ್ಟೇ ಸರ್. ಒಳಗೆ ಎಂತ ಇದೆ ಅಂತ ಕಂಡೇ ಇಲ್ಲ" ಎಂದಳು.

"ಸರ್ಕಾರಿ ಸಾಮಾನು ರೀ. ಕೆಟ್ಟರ ಯಾರು ಉತ್ತರ ಕೊಡಬೇಕು?" ಎಂದರು ಮೇಷ್ಟ್ರು.

"ನನ್ನ ಹೆಸರು ಹೇಳಿ" ಎಂದೆ. ಧೈರ್ಯದಿಂದಲ್ಲ, ಸಿಟ್ಟಿನಿಂದ.

ಸಾವಿತ್ರಿ ಪಂಪನ್ನು ನೆಲಕ್ಕಿಳಿಸಿ, ಪ್ಲಾಸ್ಟಿಕ್ ಹರಿದು, ಕೂತು ಬೋಲ್ಟು ಬಿಚ್ಚಿದಳು. ಪಂಪನ್ನು ತಿರುಗಿಸುವ ಶಾಫ್ಟು ಅಲುಗಾಡಲಿಲ್ಲ. ಕೂತಲ್ಲೇ ತುಕ್ಕು ಹಿಡಿದಿತ್ತು. ಮೇಷ್ಟ್ರ ಮುಖ ಇಳಿದುಹೋಯಿತು.

"ಅಂಗಡಿಗೆ ಬಂದಿದ್ದೂ ಹೀಂಗೇ ಇತ್ತು. ಇದನ್ನೇ ಬಿಡಿಸೋದು ಕಲಿಸಿ ಸರ್" ಎಂದಳು ಸಾವಿತ್ರಿ.

"ನಾನೂ ಎಂದೂ ಬಿಡಿಸಿಲ್ಲವ್ವಾ" ಎಂದ ಮೇಷ್ಟ್ರು ಅಂಗಿ ತೋಳು ಮಡಚಿ, ತುಕ್ಕು ಬಿಡಿಸಲು ಡೀಸೆಲ್ ತಂದು ಅದರ ಪಕ್ಕ ನೆಲಕ್ಕೇ ಕೂತರು.

ಹುಬ್ಬಳ್ಳಿ ಬಸ್ಸಿನ ಹೊತ್ತಾಯಿತು. ಗೇಟು ದಾಟುತ್ತಿದ್ದಂತೆ ಹಿಂದಿನಿಂದ "ಶಾಫ್ಟು ತಿರಗಿತ್ರೀ ಸರ್!" ಎಂಬ ಕೂಗು ಕೇಳಿತು. ಬಾಗಿಲಿಗೆ ಓಡಿಬಂದವರು ಮೇಷ್ಟ್ರು. ಅಂಗಿಯ ತುಂಬ ಮಸಿ. ಸಾವಿತ್ರಿ ಎದ್ದಿರಲಿಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸುತ್ತಿದ್ದಳು, ಇನ್ನೊಮ್ಮೆ ಬಿಚ್ಚುವುದಕ್ಕೆ.