ಮೂರೆಲೆಯ ಪೈನ್ ಮತ್ತು ಅವ್ವನ ಸಗಣಿ ನೀರು

ಒಂದೇ ಪೊರೆಯಿಂದ ಸೂಜಿಯಂಥ ಮೂರು ಎಲೆ ಹೊರಡುತ್ತವೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ನನಗೇ ಬೇಸರ ಬಂದಿತ್ತು. ಹಿಮಾಲಯದ ಚೀರ್ ಪೈನ್ ಮರದ ಗುರುತೇ ಅದು. ಚಳ್ಳಕೆರೆಯ ನಮ್ಮ ಕಾಲೇಜಿನ ಮಕ್ಕಳು ಕಂಡಿದ್ದು ಮಾತ್ರ ಜಾಲಿ, ಬೇವು, ಹೊಂಗೆ. "ಮೇಡಂ, ಅದು ಎಲೆನೋ ಮುಳ್ಳೋ ಮೊದ್ಲು ಹೇಳ್ರಿ" ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಾಗ ನನಗೆ ಹಟ ಹುಟ್ಟಿತು. ಗಿಡವನ್ನೇ ತೋರಿಸುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ನನ್ನದು ಬಾಡಿಗೆ ಮನೆ. ನರ್ಸರಿಯಿಂದ ಸಸಿ ತಂದು ಮೊಳಕಾಲ್ಮೂರು ಕಡೆಯ ನಮ್ಮೂರಿನಲ್ಲಿ, ಅವ್ವನ ಹಿತ್ತಲಲ್ಲಿ ನೆಟ್ಟೆ. ಈ ಪೈನ್ ಎಳೆತನದಲ್ಲಿ ಬೂದು ನೀಲಿಯ ಗಿಡ್ಡ ಒಂಟಿ ಎಲೆಗಳನ್ನಷ್ಟೇ ಬಿಡುತ್ತದೆ. ಮೂರರ ಉದ್ದನೆಯ ಗೊಂಚಲು ಬರುವುದು ಆಮೇಲೆ. ಊರಿಗೆ ಹೋದಾಗಲೆಲ್ಲ ನಾನು ಮೊದಲು ಓಡುತ್ತಿದ್ದುದು ಹಿತ್ತಲಿಗೆ.

"ನನ್ನ ಮಕ ನೋಡಾಕೆ ಬಂದೀಯೋ, ಆ ಪರಕೆ ಗಿಡ ನೋಡಾಕೆ ಬಂದೀಯೋ?" ಎಂದು ಅವ್ವ ಸಿಡುಕುತ್ತಿದ್ದಳು.

ಅಂತೂ ಗೊಂಚಲು ಬಂದವು. ಭಾನುವಾರ ಮಕ್ಕಳನ್ನು ಕರೆತರುತ್ತೇನೆ, ಗಿಡ ಜೋಪಾನ ಎಂದು ಅವ್ವನಿಗೆ ಫೋನ್ ಮಾಡಿದೆ.

ಕುರಿ, ಆಡು ಸಾಕುವ ಮನೆಯಲ್ಲಿ ಗಿಡ ಜೋಪಾನ ಮಾಡುವುದೆಂದರೆ ಸಗಣಿ ನೀರು ಬಳಿಯುವುದು. ಆ ವಾಸನೆಗೆ ಆಡು ಬಾಯಿ ಹಾಕುವುದಿಲ್ಲ. ನಾವು ಹೋಗಿ ನೋಡಿದರೆ ನನ್ನ ಪೈನ್ ಬುಡದಿಂದ ತುದಿಯವರೆಗೆ ಸಗಣಿಮಯ. ಒಣಗಿ ಅಂಟಿಕೊಂಡು ಮೂರು ಎಲೆಗಳೂ ಒಂದಾಗಿದ್ದವು.

"ಒಂದೇ ಐತಲ್ಲ ಮೇಡಂ" ಎಂದಳು ಅದೇ ಹುಡುಗಿ, ಮೂಗು ಮುಚ್ಚಿಕೊಂಡು.

ನನಗೆ ಮೈಯೆಲ್ಲ ಉರಿದುಹೋಯಿತು. "ಅವ್ವಾ, ಇದ್ರಾಗೆ ರಾಳ ಐತೆ, ಯಾವ ಆಡೂ ತಿನ್ನಲ್ಲ!"

"ಆಡು ಮುಟ್ಟದ ಸೊಪ್ಪೈತೇನೇ? ನಿಂಗೆ ಓದಿದ್ದು ಜಾಸ್ತಿ ಆತು" ಎನ್ನುತ್ತ ಅವ್ವ ಒಳಗೆ ಹೋದಳು.

ಮಕ್ಕಳಿಂದ ನೀರು ಹೊರಿಸಿ ಎಣ್ಣೆ ಹಚ್ಚುವುದೊಂದು ಬಿಟ್ಟು ಗಿಡಕ್ಕೆ ಪೂರ್ತಿ ಸ್ನಾನ ಮಾಡಿಸಿದೆ. ಹಸಿರು ಫಳಫಳ ಹೊಳೆಯಿತು. ಗಂಟಲು ಸರಿಮಾಡಿಕೊಂಡು, ಗಿಡಕ್ಕೆ ಬೆನ್ನು ಮಾಡಿ ನಿಂತು ಪಾಠ ಶುರು ಮಾಡಿದೆ. ಮಕ್ಕಳು ಕಿಸಕ್ಕನೆ ನಕ್ಕರು. ತಿರುಗಿದರೆ ಅವ್ವ ಸಾಕಿದ ಹೋತ ತುದಿಯನ್ನೆಲ್ಲ ಬೋಳಿಸಿ, ಕಣ್ಣು ಅರೆಮುಚ್ಚಿ ಜಗಿಯುತ್ತಿತ್ತು.

ಅಳುವೇ ಬಂತು. ಅಷ್ಟರಲ್ಲಿ ಆ ಹುಡುಗಿ ಹೋತದ ಕೊಂಬು ಹಿಡಿದು, ಅದರ ಬಾಯಿಂದ ನೇತಾಡುತ್ತಿದ್ದ ಗೊಂಚಲೊಂದನ್ನು ಕಿತ್ತುಕೊಂಡಳು. ಜೊಲ್ಲನ್ನು ವೇಲಿಗೆ ಒರೆಸಿ ಬಿಡಿಸಿ ನೋಡಿ, "ಮೂರೈತೆ ಮೇಡಂ! ಬುಡದಾಗೆ ಪೊರೆನೂ ಐತೆ!" ಎಂದು ಕೂಗಿದಳು. ಎಲ್ಲರೂ ಅವಳ ಮೇಲೆ ಮುಗಿಬಿದ್ದರು. ನನ್ನ ಪಾಠಕ್ಕೆ ಯಾರೂ ಎಂದೂ ಹಾಗೆ ಮುಗಿಬಿದ್ದಿರಲಿಲ್ಲ. ನನಗೆ ಹಿಗ್ಗೋ ಹಿಗ್ಗು.

ಪರೀಕ್ಷೆಯಲ್ಲಿ ಚೀರ್ ಪೈನ್ ಎಲೆಯ ಚಿತ್ರ ಕೇಳಿದೆ. ಒಬ್ಬರೂ ತಪ್ಪಲಿಲ್ಲ. ಆ ಹುಡುಗಿ ಮಾತ್ರ ಎಲೆಯ ಜೊತೆ ಹೋತವನ್ನೂ ಬಿಡಿಸಿ ಭಾಗಗಳನ್ನು ಗುರುತಿಸಿದ್ದಳು. ಅದಕ್ಕೂ ಅಂಕ ಕೊಟ್ಟೆ.